ಮತದಾರರ ಪಟ್ಟಿಯನ್ನು ಓದುವವರು ಯಾರು?

ಕಲಬುರಗಿ ಜಿಲ್ಲೆಯ ಆಳಂದ ವಿಧಾನಸಭಾ ಕ್ಷೇತ್ರದಲ್ಲಿ 2023ರ ಚುನಾವಣೆಗೆ ಮುನ್ನ 6,018 ಮತದಾರರ ಹೆಸರನ್ನು ಪಟ್ಟಿಯಿಂದ ಅಳಿಸಬೇಕೆಂದು ಕೋರಿ ಆನ್‌ಲೈನ್ ಮೂಲಕ ಅರ್ಜಿಗಳು ಬಂದವು. ಅಧಿಕಾರಿಗಳು ಮನೆಮನೆಗೆ ಹೋಗಿ ಪರಿಶೀಲಿಸಿದಾಗ ಅವುಗಳಲ್ಲಿ ಸರಿಯಾಗಿದ್ದುದು ಕೇವಲ 24. ಉಳಿದ 5,994 ಅರ್ಜಿಗಳು ತಪ್ಪೆಂದು ತಿರಸ್ಕೃತವಾದವು. ಹುಟ್ಟಿದೂರಿನಲ್ಲೇ ಬದುಕಿ ಬಾಳುತ್ತಿದ್ದವರನ್ನು ಕಾಗದದ ಮೇಲೆ ಊರು ಬಿಡಿಸಲಾಗಿತ್ತು. ಅರ್ಜಿದಾರರೆಂದು ನಮೂದಾಗಿದ್ದವರನ್ನು ವಿಚಾರಿಸಿದರೆ, ತಮ್ಮ ಹೆಸರಿನಲ್ಲಿ ಇಂತಹದೊಂದು ಅರ್ಜಿ ಹೋಗಿದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ!

ಈ ಸಂಚು ಬಯಲಾದ ಬಗೆ ಕುತೂಹಲಕರವಾಗಿದೆ. ಯಾವ ದೊಡ್ಡ ಸಂಸ್ಥೆಯೂ, ಯಾವ ತಂತ್ರಜ್ಞಾನವೂ ಇದನ್ನು ಪತ್ತೆ ಹಚ್ಚಲಿಲ್ಲ. ಮತಗಟ್ಟೆ ಮಟ್ಟದ ಅಧಿಕಾರಿಯೊಬ್ಬರ ಕೈಗೆ ಅವರ ಸ್ವಂತ ಬಂಧುವಿನ ಹೆಸರನ್ನೇ ಅಳಿಸಬೇಕೆಂಬ ಅರ್ಜಿ ಬಂತು. ಅರ್ಜಿ ಹಾಕಿದವನೆಂದು ತೋರಿಸಲಾಗಿದ್ದ ನೆರೆಯವನನ್ನು ಕೇಳಿದರೆ, ತನಗೇನೂ ಗೊತ್ತಿಲ್ಲವೆಂದ. ಅಲ್ಲಿಂದ ಎಳೆ ಬಿಚ್ಚುತ್ತಾ ಹೋಯಿತು. 2023ರ ಫೆಬ್ರವರಿಯಲ್ಲಿ ಪೊಲೀಸ್ ಪ್ರಕರಣ ದಾಖಲಾಯಿತು. ಆಮೇಲೆ ಎರಡು ವರ್ಷಗಳಿಗೂ ಹೆಚ್ಚು ಕಾಲ ತನಿಖೆ ತೆವಳಿತು. 2025ರ ಸೆಪ್ಟೆಂಬರಿನಲ್ಲಿ ರಾಹುಲ್ ಗಾಂಧಿಯವರು ದೆಹಲಿಯ ಪತ್ರಿಕಾಗೋಷ್ಠಿಯಲ್ಲಿ ಈ ವಿಷಯ ಎತ್ತಿದ ನಂತರ ರಾಜ್ಯ ಸರಕಾರವು ವಿಶೇಷ ತನಿಖಾ ತಂಡವನ್ನು ನೇಮಿಸಿತು. ಅಳಿಸುವ ಒಂದೊಂದು ಅರ್ಜಿಗೆ 80 ರೂಪಾಯಿಯಂತೆ ಹಣ ಸಂದಾಯವಾಗಿದೆ ಎಂಬುದು ಆ ತಂಡದ ತನಿಖೆಯಲ್ಲಿ ಕಂಡುಬಂದಿರುವುದಾಗಿ ಪತ್ರಿಕೆಗಳು ವರದಿ ಮಾಡಿದವು. ಆರೋಪಪಟ್ಟಿ ಸಲ್ಲಿಕೆಯಾಗಿದೆ. ಅಪರಾಧಿ ಯಾರೆಂಬುದನ್ನು ನ್ಯಾಯಾಲಯವೇ ತೀರ್ಮಾನಿಸಬೇಕು. ಆದರೆ ಸಂವಿಧಾನವು ಒಬ್ಬ ಪ್ರಜೆಗೆ ಕೊಟ್ಟ ಅತಿ ದೊಡ್ಡ ಹಕ್ಕನ್ನು ಕಿತ್ತುಕೊಳ್ಳಲು ತಗಲುವ ಖರ್ಚು ಎರಡು ಊಟದ ಬೆಲೆಯೂ ಅಲ್ಲ ಎಂಬ ವರದಿ ನಮ್ಮ ನಿದ್ದೆ ಕೆಡಿಸಬೇಕಾಗಿತ್ತು. ಕೆಡಿಸಿದೆಯೇ?

ಆಳಂದ ಎಲ್ಲಿ, ನಮ್ಮ ಮಂಡ್ಯ ಎಲ್ಲಿ ಎಂದು ಕೇಳುವವರಿದ್ದಾರೆ. ಮಂಡ್ಯ ವಿಧಾನಸಭಾ ಕ್ಷೇತ್ರದಲ್ಲಿ 2023ರಲ್ಲಿ ಗೆದ್ದ ಅಭ್ಯರ್ಥಿಗೂ ಸೋತ ಅಭ್ಯರ್ಥಿಗೂ ಇದ್ದ ಅಂತರ 2,019 ಮತಗಳು. ಅಂದರೆ ಎರಡು ಮೂರು ಮತಗಟ್ಟೆಗಳ ಮತದಾರರ ಸಂಖ್ಯೆಯಷ್ಟು. ಅದೇ ವರ್ಷ ಬೆಂಗಳೂರಿನ ಜಯನಗರದಲ್ಲಿ ಮರು ಎಣಿಕೆಯ ನಂತರ ಉಳಿದ ಅಂತರ 16. ಮಳವಳ್ಳಿಯಿಂದ ಕೊಳ್ಳೇಗಾಲದ ದಾರಿ ಹಿಡಿದು ಹೊಳೆ ದಾಟಿದರೆ ಸಿಗುವ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ 2004ರಲ್ಲಿ ಎ.ಆರ್. ಕೃಷ್ಣಮೂರ್ತಿಯವರು ಆರ್. ಧ್ರುವನಾರಾಯಣ ಅವರೆದುರು ಒಂದೇ ಒಂದು ಮತದಿಂದ ಸೋತರು. ಆಳಂದದಲ್ಲೂ 2018ರ ಅಂತರ 697 ಮಾತ್ರ. 5,994 ಹೆಸರುಗಳು ಯಾರ ಗಮನಕ್ಕೂ ಬಾರದೆ ಅಳಿಸಿಹೋಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ಯೋಚಿಸಬೇಕು.

ನಮ್ಮ ಸಮುದಾಯದಲ್ಲಿ ಚುನಾವಣೆಯ ಚರ್ಚೆ ಆರಂಭವಾಗುವುದು ಅಭ್ಯರ್ಥಿಗಳ ಹೆಸರು ಪ್ರಕಟವಾದ ಮೇಲೆ. ಯಾರಿಗೆ ಮತ ಹಾಕಬೇಕು, ಯಾರು ಗೆಲ್ಲುತ್ತಾರೆ, ಯಾವ ಪಕ್ಷ ನಮಗೆ ಎಷ್ಟು ಟಿಕೆಟ್ ಕೊಟ್ಟಿತು ಎಂಬ ಮಾತು ಹೋಟೆಲಿನಲ್ಲೂ ಮಸೀದಿಯ ಹೊರಜಗುಲಿಯಲ್ಲೂ ರಾತ್ರಿಯವರೆಗೆ ನಡೆಯುತ್ತದೆ. ಮತದಾನದ ದಿನ ಬೆಳಿಗ್ಗೆ ಮತಗಟ್ಟೆಗೆ ಹೋದಾಗ ಹೆಂಡತಿಯ ಹೆಸರಿಲ್ಲ, ಹಿರಿಯ ಮಗನ ಹೆಸರಿಲ್ಲ. ಗುರುತಿನ ಚೀಟಿಯನ್ನು ಎತ್ತಿ ಹಿಡಿದು ಜಗಳವಾಗುತ್ತದೆ. ಆದರೆ ಆ ಜಗಳದಿಂದ ಪ್ರಯೋಜನವೇನು? ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮುಗಿದ ಮೇಲೆ ಚುನಾವಣೆ ಪೂರ್ಣಗೊಳ್ಳುವವರೆಗೆ ಪಟ್ಟಿಗೆ ಒಂದು ಹೆಸರನ್ನು ಸೇರಿಸುವಂತಿಲ್ಲ, ತೆಗೆಯುವಂತಿಲ್ಲ ಎಂದು 1950ರ ಪ್ರಜಾಪ್ರತಿನಿಧಿ ಕಾಯ್ದೆ ಹೇಳುತ್ತದೆ. ಮತಗಟ್ಟೆಯಲ್ಲಿ ಕುಳಿತ ಅಧಿಕಾರಿ ಮನಸ್ಸು ಮಾಡಿದರೂ ಆತನಿಗೆ ಅಧಿಕಾರವಿಲ್ಲ. ಗುರುತಿನ ಚೀಟಿ ಇದ್ದರೆ ಮತವಿದೆ ಎಂಬುದು ನಮ್ಮಲ್ಲಿ ಬೇರೂರಿರುವ ಒಂದು ತಪ್ಪು ತಿಳಿವಳಿಕೆ. ಚೀಟಿಯಿದ್ದು ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತವಿಲ್ಲ. ಪಟ್ಟಿಯಲ್ಲಿ ಹೆಸರಿದ್ದು ಚೀಟಿ ಕಳೆದುಹೋಗಿದ್ದರೆ ಆಧಾರ್‌ನಂತಹ ಬೇರೆ ಗುರುತಿನ ದಾಖಲೆ ತೋರಿಸಿ ಮತ ಹಾಕಬಹುದು. ಪಟ್ಟಿಯೇ ಮೂಲ, ಚೀಟಿಯಲ್ಲ.

ಮತಯಂತ್ರ ಬೇಕೋ ಮತಪತ್ರ ಬೇಕೋ ಎಂಬ ವಾದವೂ ಇತ್ತೀಚೆಗೆ ಬಿಸಿಯಾಗಿದೆ. ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಮತಪತ್ರ ಬಳಸಬೇಕೆಂದು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ಶಿಫಾರಸು ಮಾಡಿತು. ವಾದ ನಡೆಯಲಿ. ಆದರೆ ಪಟ್ಟಿಯಲ್ಲಿ ಹೆಸರೇ ಇಲ್ಲದವನಿಗೆ ಯಂತ್ರವಾದರೇನು, ಕಾಗದವಾದರೇನು?

ಮದ್ದೂರಿನ ಬಳಿಯ ಶಿವಪುರವನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಅಲ್ಲಿ ಸೇರಿ, ನಿಷೇಧವನ್ನು ಧಿಕ್ಕರಿಸಿ ಧ್ವಜ ಹಾರಿಸಿತು. ಅಧ್ಯಕ್ಷರಾಗಿದ್ದವರು ಟಿ. ಸಿದ್ದಲಿಂಗಯ್ಯನವರು. ಅಂದಿನ ಬೇಡಿಕೆ ಧ್ವಜ ಮಾತ್ರವಲ್ಲ, ಜವಾಬ್ದಾರಿ ಸರಕಾರ. ಅರ್ಥಾತ್ ಆಳುವವರು ಜನರಿಂದ ಆರಿಸಿ ಬರಬೇಕು, ಜನರಿಗೆ ಉತ್ತರ ಕೊಡಬೇಕು. ಮೈಸೂರಿನಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತಾದರೂ ಅದರ ಬಾಗಿಲು ತೆರೆದಿದ್ದುದು ಕಂದಾಯ ಕಟ್ಟುವವರಿಗೆ, ಓದು ಬಲ್ಲವರಿಗೆ. ಕೂಲಿಯವನಿಗೂ ಬೀಡಿ ಕಟ್ಟುವವಳಿಗೂ ಅಲ್ಲಿ ಸ್ಥಾನವಿರಲಿಲ್ಲ. ಶಿವಪುರದಲ್ಲಿ ಜನ ಸೆರೆಮನೆಗೆ ಹೊರಟಾಗ ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಆಡಳಿತಗಾರರಾಗಿ ಅವರ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕುರ್ಚಿಯಲ್ಲಿ ನಮ್ಮ ಹೆಸರಿನವನೊಬ್ಬ ಕುಳಿತ ಮಾತ್ರಕ್ಕೆ ನಮ್ಮ ಬೀದಿಯ ಬಡವನಿಗೆ ಮತ ಬರಲಿಲ್ಲ ಎಂಬುದನ್ನು, ಟಿಕೆಟ್ ಎಷ್ಟು ಸಿಕ್ಕಿತೆಂದು ಲೆಕ್ಕ ಹಾಕುವ ಮಿತ್ರರು ಗಮನಿಸಬೇಕು. ಆ ಬಡವನಿಗೆ ಮತ ತಂದುಕೊಟ್ಟದ್ದು ಸಂವಿಧಾನದ 326ನೇ ವಿಧಿ. ಧರ್ಮ, ಜಾತಿ, ಲಿಂಗದ ಕಾರಣಕ್ಕೆ ಯಾರನ್ನೂ ಪಟ್ಟಿಯಿಂದ ಹೊರಗಿಡಬಾರದು, ಯಾವ ಧರ್ಮಕ್ಕೂ ಪ್ರತ್ಯೇಕ ಪಟ್ಟಿ ಇರಬಾರದು ಎಂದದ್ದು 325ನೇ ವಿಧಿ.

ಸಂವಿಧಾನ ಕೊಟ್ಟಿತು. ಆದರೆ ಕೊಟ್ಟದ್ದನ್ನು ತೆಗೆದುಕೊಳ್ಳಲು ಹೆಸರು ಹೇಳಬೇಕಿತ್ತು. 1951-52ರ ಮೊದಲ ಮಹಾ ಚುನಾವಣೆಗೆ ಪಟ್ಟಿ ಸಿದ್ಧವಾದಾಗ ಉತ್ತರ ಮತ್ತು ಮಧ್ಯ ಭಾರತದ ಲಕ್ಷಾಂತರ ಸ್ತ್ರೀಯರು ಪರಪುರುಷನ ಮುಂದೆ ತಮ್ಮ ಹೆಸರು ಹೇಳಲು ಒಪ್ಪಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ ಸೇನ್ ಅವರು ಹೆಸರಿಲ್ಲದ ಮತದಾರರನ್ನು ಒಪ್ಪಲಾಗದೆಂದು ಖಂಡಿತವಾಗಿ ಹೇಳಿ, ಹೆಸರು ಕೊಡಲು ಹೆಚ್ಚಿನ ಕಾಲಾವಕಾಶವನ್ನೂ ಕೊಟ್ಟರು. ಆಮೇಲೂ ಸುಮಾರು 28 ಲಕ್ಷ ಸ್ತ್ರೀಯರ ನಮೂದುಗಳನ್ನು ಕೈಬಿಡಬೇಕಾಯಿತು.

ಇದು ಎಪ್ಪತ್ತು ವರ್ಷ ಹಿಂದಿನ ಮಾತು ಎಂದು ನಾವು ನಿಟ್ಟುಸಿರು ಬಿಡುವಂತಿಲ್ಲ. ನಮ್ಮ ಕೆಲವು ಮನೆಗಳಲ್ಲಿ ಇಂದಿಗೂ ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ವಧುವಿನ ಹೆಸರು ಮುದ್ರಿಸುವುದಿಲ್ಲ. 'ಇಂಥವರ ಸುಪುತ್ರಿ' ಎಂದಿದ್ದರೆ ಸಾಕಂತೆ! ಹೆಸರನ್ನು ಹೀಗೆ ಮುಚ್ಚಿಡುವುದು ಮರ್ಯಾದೆ ಎಂದು ತಿಳಿದ ಮನೆಯಲ್ಲಿ ಆ ಹುಡುಗಿಯ ಹೆಸರು ಶಾಲೆಯಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಪಡಿತರ ಚೀಟಿಯಲ್ಲಿ ಇನ್ನೊಂದು ಆಗುವುದರಲ್ಲಿ ಆಶ್ಚರ್ಯವೇನಿದೆ? ಮದುವೆಗೆ ಮುಂಚೆ ಬಾನು, ಮದುವೆಯಾದ ಮೇಲೆ ಬೇಗಂ, ವಯಸ್ಸಾದ ಮೇಲೆ ಬೀ. ಮಳವಳ್ಳಿಯ ಹೆಣ್ಣುಮಗಳು ಚನ್ನಪಟ್ಟಣಕ್ಕೆ ಸೊಸೆಯಾಗಿ ಹೋಗುತ್ತಾಳೆ. ಹೆಸರು ತವರಿನ ಪಟ್ಟಿಯಲ್ಲೇ ಉಳಿಯುತ್ತದೆ. ಎರಡು ಮಕ್ಕಳಾದ ಮೇಲೂ ಗಂಡನ ಊರಿನ ಪಟ್ಟಿಗೆ ಸೇರಿಸುವ ನೆನಪು ಯಾರಿಗೂ ಬರುವುದಿಲ್ಲ. ಒಂದು ದಿನ ಪರಿಶೀಲನೆಗೆ ಬಂದವರು ತವರಿನಲ್ಲಿ ಆಕೆ ವಾಸವಿಲ್ಲವೆಂದು ಬರೆದುಕೊಂಡು ಹೋಗುತ್ತಾರೆ. ಅವರು ಬರೆದುದು ಸುಳ್ಳಲ್ಲ. ಆಕೆ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ಇದಕ್ಕೆ ಯಾವ ವೈರಿಯ ಸಂಚೂ ಬೇಕಾಗಲಿಲ್ಲ. ನಮೂನೆ 8ನ್ನು ತುಂಬಿ ಕೊಟ್ಟಿದ್ದರೆ ಆಕೆಯ ಹೆಸರು ಹಳೆಯ ವಿಳಾಸದಿಂದ ಹೊಸ ವಿಳಾಸಕ್ಕೆ ವರ್ಗವಾಗುತ್ತಿತ್ತು.

ಗಂಡಸರ ಹೆಸರಿನ ಪಾಡು ಇದಕ್ಕಿಂತ ಉತ್ತಮವಲ್ಲ. ಮಹಮ್ಮದ್, ಮೊಹಮ್ಮದ್, ಮುಹಮ್ಮದ್, ಮಹಮದ್, ಎಂ.ಡಿ. ಎಲ್ಲವೂ ಒಬ್ಬನೇ ಮನುಷ್ಯ. ಉರ್ದುವಿನಲ್ಲಿ ಹೇಳಿದ ಹೆಸರನ್ನು ಕನ್ನಡ ಬಲ್ಲವರು ಕಿವಿಗೆ ಬಿದ್ದಂತೆ ಬರೆದುಕೊಳ್ಳುತ್ತಾರೆ. ಆಮೇಲೆ ಅದು ಗಣಕಯಂತ್ರದಲ್ಲಿ ಇಂಗ್ಲಿಷಿಗೆ ಹೋಗಿ ಮತ್ತೆ ಕನ್ನಡಕ್ಕೆ ಮರಳುವಾಗ ಹೆತ್ತ ತಾಯಿಗೂ ಗುರುತು ಸಿಗದಂತಾಗಿರುತ್ತದೆ. ಹೆಸರಿನ ಗೊಂದಲ ಏನು ಮಾಡಬಲ್ಲದು ಎಂಬುದನ್ನು ಮಂಡ್ಯದವರಿಗೆ ವಿವರಿಸಬೇಕಾಗಿಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ಸುಮಲತಾ ಅಂಬರೀಶ್ ಅವರ ಜೊತೆಗೆ ಸುಮಲತಾ ಎಂಬ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದುದನ್ನು ಜಿಲ್ಲೆ ಮರೆತಿಲ್ಲ. ಮದರಸದಲ್ಲಿ ಕಲಿತವರಿಗೆ 'ಅಸ್ಮಾಉರ್ರಿಜಾಲ್' ಎಂಬ ಶಾಸ್ತ್ರದ ಪರಿಚಯವಿರುತ್ತದೆ. ಒಂದು ಹದೀಸನ್ನು ವರದಿ ಮಾಡಿದವನ ಹೆಸರೇನು, ತಂದೆಯ ಹೆಸರೇನು, ಯಾವ ಊರಿನವನು, ಎಂದು ಸತ್ತನು, ಅದೇ ಹೆಸರಿನ ಬೇರೊಬ್ಬನಿದ್ದನೇ ಎಂದು ಪರಿಶೀಲಿಸುವುದಕ್ಕಾಗಿಯೇ ವಿದ್ವಾಂಸರು ಸಂಪುಟಗಟ್ಟಲೆ ಬರೆದರು. ಅಂತಹ ಪರಂಪರೆಯ ವಾರಸುದಾರರು ತಮ್ಮ ಮನೆಯ ಐದು ಹೆಸರುಗಳನ್ನು ಮೂರು ದಾಖಲೆಗಳಲ್ಲಿ ಒಂದೇ ರೀತಿ ಬರೆಸಲಾರದೆ ಹೋದರೆ ಏನನ್ನಬೇಕು?

ಈ ಅಲಕ್ಷ್ಯದ ಪರಿಣಾಮ ಸಣ್ಣದಲ್ಲ. ಸಾಚಾರ್ ಸಮಿತಿಯ ಸದಸ್ಯ ಕಾರ್ಯದರ್ಶಿಯಾಗಿದ್ದ ಅರ್ಥಶಾಸ್ತ್ರಜ್ಞ ಅಬೂಸಾಲಿಹ್ ಶರೀಫ್ ಅವರ ಸಂಸ್ಥೆಯು 2018ರ ವಿಧಾನಸಭಾ ಚುನಾವಣೆಗೆ ಮುನ್ನ ಕರ್ನಾಟಕದ ಮತದಾರರ ಪಟ್ಟಿಯನ್ನು ಜನಗಣತಿಯ ಅಂಕಿಗಳೊಂದಿಗೆ ಹೋಲಿಸಿ ನೋಡಿತು. ಒಂದು ಮನೆಗೆ ಒಬ್ಬನೇ ಮತದಾರ ಎಂದು ನಮೂದಾಗಿರುವ ಮುಸ್ಲಿಮ್ ಮನೆಗಳು ಅಸಹಜವಾಗಿ ಹೆಚ್ಚಿರುವುದು ಕಂಡುಬಂತು. ಪಟ್ಟಿಯಿಂದ ಹೊರಗುಳಿದ ಮುಸ್ಲಿಮ್ ವಯಸ್ಕರು ಲಕ್ಷಗಟ್ಟಲೆ ಇದ್ದಾರೆಂಬ ಅಂದಾಜಿಗೆ ಆ ಸಂಸ್ಥೆ ಬಂತು. ಅಂದಾಜಿನ ಲೆಕ್ಕದ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಆದರೆ ಒಂದು ಮನೆಯಲ್ಲಿ ಒಬ್ಬನೇ ವಯಸ್ಕ ಇರುವುದು ನಮ್ಮ ಮೊಹಲ್ಲಾಗಳಲ್ಲಿ ಎಷ್ಟು ಅಪರೂಪ ಎಂಬುದು ನಮಗೆ ಗೊತ್ತು.

ಎಲ್ಲವೂ ನಮ್ಮ ಅಲಕ್ಷ್ಯವೇ ಎನ್ನುವುದು ಮಾತ್ರ ಅನ್ಯಾಯದ ಮಾತಾದೀತು. 2022ರ ನವೆಂಬರಿನಲ್ಲಿ ಬೆಂಗಳೂರಿನ 'ಚಿಲುಮೆ' ಸಂಸ್ಥೆಯ ಪ್ರಕರಣ ಹೊರಬಂತು. ಮತದಾರರಲ್ಲಿ ಜಾಗೃತಿ ಮೂಡಿಸುವುದಕ್ಕೆಂದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಿಂದ ಅನುಮತಿ ಪಡೆದಿದ್ದ ಈ ಖಾಸಗಿ ಸಂಸ್ಥೆಯ ಜನರು ಸರಕಾರಿ ಅಧಿಕಾರಿಗಳೆಂಬಂತೆ ಗುರುತಿನ ಚೀಟಿ ಧರಿಸಿ ಮನೆಮನೆಯ ವಿವರ ಸಂಗ್ರಹಿಸಿದರೆಂಬುದು ಆರೋಪ. ಪ್ರಕರಣ ದಾಖಲಾಗಿ ಬಂಧನಗಳಾದವು. ಚುನಾವಣಾ ಆಯೋಗವು ಇಬ್ಬರು ಹಿರಿಯ ಅಧಿಕಾರಿಗಳನ್ನು ಅಮಾನತುಗೊಳಿಸಲು ಆದೇಶಿಸಿತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳಲ್ಲಿ ಸೇರಿಸಿದ ಮತ್ತು ಅಳಿಸಿದ ಪ್ರತಿಯೊಂದು ಹೆಸರನ್ನೂ ಮರುಪರಿಶೀಲಿಸಬೇಕೆಂದಿತು. ಅದೇ ಶಿವಾಜಿನಗರದಲ್ಲಿ ಕೆಲವೇ ತಿಂಗಳಲ್ಲಿ, ಖಾಸಗಿ ದೂರೊಂದರ ಆಧಾರದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಮತದಾರರ ವಾಸಸ್ಥಳವನ್ನು ಪ್ರಶ್ನಿಸಿ ನೋಟಿಸುಗಳು ಹೊರಟವು. ಅಲ್ಲಿನ ನಿವಾಸಿಗಳು ದಾಖಲೆ ಹಿಡಿದು ಬಂದು ಉತ್ತರ ಕೊಟ್ಟರು, ಪ್ರತಿಭಟಿಸಿದರು. ಶಿವಾಜಿನಗರದಲ್ಲಿ ಪತ್ರಕರ್ತರಿದ್ದಾರೆ, ವಕೀಲರಿದ್ದಾರೆ. ಮದ್ದೂರಿನ ಒಂದು ಗಲ್ಲಿಯ ಮೂವತ್ತು ಮನೆಗೆ ಇಂತಹ ನೋಟಿಸು ಬಂದರೆ ಅದನ್ನು ಓದಿ ಹೇಳುವವರು ಯಾರು?

2025ರ ಸೆಪ್ಟೆಂಬರಿನಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯ ವೇಳೆ ಕಲ್ಲುತೂರಾಟ ನಡೆದು ಮದ್ದೂರು ದೇಶದ ಸುದ್ದಿಯಾಯಿತು. ನಾಯಕರು ಬಂದರು, ಟಿ.ವಿ. ವಾಹನಗಳು ಬಂದವು. ಮತದಾರರ ಪಟ್ಟಿಯ ಕರಡು ಪ್ರಕಟವಾಗುವ ದಿನ ಯಾವ ಊರಿಗೂ ಯಾರೂ ಬರುವುದಿಲ್ಲ.

ಇನ್ನೊಂದು ಕಹಿ ವಿಷಯವನ್ನೂ ಹೇಳಬೇಕಾಗಿದೆ. ಪಟ್ಟಿ ಶುದ್ಧವಾಗಿರಬೇಕೆಂದು ಕೇಳುವವನು ತನ್ನ ಮನೆಯ ನಮೂದುಗಳನ್ನು ಮೊದಲು ಶುದ್ಧಗೊಳಿಸಬೇಕು. ಆರು ವರ್ಷಗಳ ಹಿಂದೆ ತೀರಿಕೊಂಡ ಅಜ್ಜನ ಹೆಸರು ಇನ್ನೂ ಪಟ್ಟಿಯಲ್ಲಿದೆ. ಬೆಂಗಳೂರಿಗೆ ಹೋಗಿ ನೆಲೆಸಿದ ಮಗನಿಗೆ ಅಲ್ಲೊಂದು ಮತ, ಇಲ್ಲೊಂದು ಮತ. 'ಇರಲಿ ಬಿಡಿ, ಒಂದು ಹೆಚ್ಚಿದ್ದರೆ ನಷ್ಟವೇನು' ಎಂಬ ಮಾತನ್ನು ನಮಾಝಿಗೆ ತಪ್ಪದೆ ಬರುವವರ ಬಾಯಿಂದಲೂ ಕೇಳಬಹುದು. ಮತ ಎಂಬುದು ಸಾಕ್ಷ್ಯ ಎಂದು ನಮ್ಮ ಉಲೇಮಾಗಳು ಹೇಳುತ್ತಾ ಬಂದಿದ್ದಾರೆ. ಹಾಗಿದ್ದಲ್ಲಿ ಒಬ್ಬನೇ ಎರಡು ಕಡೆ ನಿಂತು ನುಡಿಯುವ ಸಾಕ್ಷ್ಯಕ್ಕೆ ಏನೆಂದು ಹೆಸರಿಡಬೇಕು? ಕಾನೂನಂತೂ ಸ್ಪಷ್ಟವಾಗಿದೆ: ಒಬ್ಬನ ಹೆಸರು ಎರಡು ಕ್ಷೇತ್ರಗಳಲ್ಲಿ ಇರುವಂತಿಲ್ಲ, ಒಂದೇ ಕ್ಷೇತ್ರದಲ್ಲಿ ಎರಡು ಸಲವೂ ಇರುವಂತಿಲ್ಲ. ಅರ್ಜಿಯಲ್ಲಿ ಸುಳ್ಳು ಘೋಷಣೆ ಮಾಡಿದವನಿಗೆ ಒಂದು ವರ್ಷದವರೆಗೆ ಸಜೆಯಾಗಬಹುದು. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಒಂದು ಬೀದಿಯಲ್ಲಿ ಸತ್ತವರ ಹತ್ತು ಹೆಸರುಗಳಿದ್ದರೆ, ಆ ಬೀದಿಯ ಬದುಕಿರುವ ನೂರು ಜನರ ಮೇಲೆ ಸಂಶಯ ಎಬ್ಬಿಸಲು ಕಾದು ಕುಳಿತವನಿಗೆ ನಾವೇ ಸಾಕ್ಷಿ ಒದಗಿಸಿಕೊಟ್ಟಂತಾಗುತ್ತದೆ. ಮರಣ ಪ್ರಮಾಣಪತ್ರದ ಪ್ರತಿಯೊಂದಿಗೆ ನಮೂನೆ 7ನ್ನು ಮನೆಯವರೇ ಕೊಟ್ಟುಬಿಟ್ಟರೆ ಆ ಮನೆಯ ಉಳಿದವರ ಹೆಸರಿನ ತಂಟೆಗೆ ಬರುವುದು ಯಾರಿಗೂ ಅಷ್ಟು ಸುಲಭವಲ್ಲ.

ಈ ಸಿದ್ಧತೆ ಏಕೆ ಬೇಕು ಎಂಬುದಕ್ಕೆ ಬಿಹಾರದ ಉದಾಹರಣೆ ಸಾಕು. ಅಲ್ಲಿ ವಿಶೇಷ ತೀವ್ರ ಪರಿಷ್ಕರಣೆ ನಡೆಸಲು ಚುನಾವಣಾ ಆಯೋಗವು 2025ರ ಜೂನ್ 24ರಂದು ಆದೇಶ ಹೊರಡಿಸಿತು. ಆಗಸ್ಟ್ 1ರಂದು ಕರಡು ಬಂದಾಗ ಸುಮಾರು 65 ಲಕ್ಷ ಹೆಸರುಗಳು ಇರಲಿಲ್ಲ. ಯಾರ ಹೆಸರು, ಯಾವ ಕಾರಣಕ್ಕೆ ಹೋಯಿತು ಎಂಬ ಪಟ್ಟಿಯನ್ನೂ ಆಯೋಗ ತಾನಾಗಿ ಪ್ರಕಟಿಸಲಿಲ್ಲ. ಪ್ರಜಾಸತ್ತಾತ್ಮಕ ಸುಧಾರಣೆಗಳಿಗಾಗಿ ಹೋರಾಡುವ ಎ.ಡಿ.ಆರ್. ಮುಂತಾದ ನಾಗರಿಕ ಸಂಸ್ಥೆಗಳು ಸುಪ್ರೀಮ್ ಕೋರ್ಟಿಗೆ ಹೋದವು. ಅಭ್ಯರ್ಥಿಗಳು ತಮ್ಮ ಆಸ್ತಿ ಮತ್ತು ಕ್ರಿಮಿನಲ್ ಪ್ರಕರಣಗಳನ್ನು ಜನರ ಮುಂದಿಡಬೇಕೆಂಬ 2002ರ ತೀರ್ಪಿಗೆ ಕಾರಣವಾದದ್ದೂ ಇದೇ ಎ.ಡಿ.ಆರ್. ಆಗಸ್ಟ್ 14ರಂದು ನ್ಯಾಯಾಲಯವು ಕೈಬಿಟ್ಟ ಪ್ರತಿಯೊಂದು ಹೆಸರನ್ನೂ ಕಾರಣಸಹಿತ ಪ್ರಕಟಿಸಬೇಕೆಂದು ಆದೇಶಿಸಿತು. ಸೆಪ್ಟೆಂಬರ್ 8ರಂದು, ಆಧಾರ್ ಪೌರತ್ವದ ದಾಖಲೆಯಲ್ಲದಿದ್ದರೂ ಗುರುತಿನ ದಾಖಲೆಯಾಗಿ ಅದನ್ನು ಹನ್ನೆರಡನೆಯದಾಗಿ ಸ್ವೀಕರಿಸಬೇಕೆಂದಿತು. ಆ ನಾಗರಿಕರು ಹೋರಾಡದಿದ್ದರೆ 65 ಲಕ್ಷ ಜನರಿಗೆ ತಮ್ಮ ಹೆಸರು ಏಕೆ ಹೋಯಿತೆಂಬುದನ್ನು ತಿಳಿಯುವ ದಾರಿಯೂ ಇರುತ್ತಿರಲಿಲ್ಲ.

ನೆರೆಯ ಕೇರಳದಲ್ಲಿ, ಕನ್ನಡಿಗರೇ ಇರುವ ಕಾಸರಗೋಡೂ ಸೇರಿದಂತೆ, ಇದೇ ಕೆಲಸ 2025ರ ನವೆಂಬರ್ 4ರಂದು ಆರಂಭವಾಯಿತು. ಡಿಸೆಂಬರಿನ ಕರಡಿನಲ್ಲಿ ಸುಮಾರು 24 ಲಕ್ಷ ಹೆಸರುಗಳು ಕಾಣಲಿಲ್ಲ. ಈ ಪರಿಷ್ಕರಣೆಯಲ್ಲಿ ಇಂದಿನ ಮತದಾರನ ಹೆಸರನ್ನು ಹಿಂದಿನ ತೀವ್ರ ಪರಿಷ್ಕರಣೆಯ ಪಟ್ಟಿಯೊಂದಿಗೆ, ಅಲ್ಲಿ ಅವನ ಹೆಸರಿಲ್ಲದಿದ್ದರೆ ತಂದೆತಾಯಿಯ ಹೆಸರಿನೊಂದಿಗೆ ಜೋಡಿಸಬೇಕಾಗುತ್ತದೆ. ಜೋಡಣೆಯಾಗದವನಿಗೆ ದಾಖಲೆ ತರಲು ನೋಟಿಸು. ಕರ್ನಾಟಕದ ಮಟ್ಟಿಗೆ ಆ ಹಳೆಯ ಪಟ್ಟಿ 2002ರದು.

ಇಲ್ಲಿ ಮಂಡ್ಯ ಜಿಲ್ಲೆಯವರು ಎಡವುವ ಒಂದು ಕಲ್ಲಿದೆ. 2002ರಲ್ಲಿ ಇದ್ದ ಕ್ಷೇತ್ರಗಳೆಲ್ಲ ಇಂದಿಲ್ಲ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಕಿರುಗಾವಲು ಮತ್ತು ಕೆರಗೋಡು ಎಂಬ ಎರಡು ವಿಧಾನಸಭಾ ಕ್ಷೇತ್ರಗಳೇ ರದ್ದಾದವು. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನವರು ತಂದೆಯ ಹೆಸರನ್ನು ಹಳೆಯ ಮಳವಳ್ಳಿ ಕ್ಷೇತ್ರದ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಸಿಗಲಿಕ್ಕಿಲ್ಲ. ಅದನ್ನು ಕಿರುಗಾವಲು ಕ್ಷೇತ್ರದ ಪಟ್ಟಿಯಲ್ಲಿ ನೋಡಬೇಕು. ಸಿಗಲಿಲ್ಲವೆಂದು ಗಾಬರಿಯಾಗುವವರಿಗೆ, ದಾಖಲೆ ಮಾಡಿಸಿಕೊಡುತ್ತೇನೆಂದು ಹಣ ಕೇಳುವ ಮಧ್ಯವರ್ತಿಗಳ ಬಲೆಗೆ ಬೀಳುವವರಿಗೆ ಈ ಒಂದು ಮಾಹಿತಿ ಸಾಕಾಗಬಹುದು. ಅಂದಿನ ಮತಗಟ್ಟೆ ಯಾವ ಶಾಲೆಯಲ್ಲಿತ್ತು, ಭಾಗದ ಸಂಖ್ಯೆ ಎಷ್ಟು ಎಂಬುದು ಊರಿನ ಹಿರಿಯರಿಗೆ ನೆನಪಿರುತ್ತದೆ. ಅವರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು.

ಭಯ ಹುಟ್ಟಿಸುವುದು ನಮ್ಮ ಉದ್ದೇಶವಲ್ಲ. ಪಟ್ಟಿಯಲ್ಲಿ ಈಗಾಗಲೇ ಹೆಸರಿರುವವನಿಗೆ ಕಾನೂನಿನ ರಕ್ಷೆ ಇದೆ. ದೆಹಲಿ ಮತ್ತು ಮುಂಬಯಿಯ ಕೊಳೆಗೇರಿಗಳ ಜನರಿಗೆ ಪೌರತ್ವ ಸಾಬೀತುಪಡಿಸುವಂತೆ ಸಾಮೂಹಿಕ ನೋಟಿಸು ಕೊಟ್ಟಾಗ, 1995ರಲ್ಲಿ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ಅದನ್ನು ಒಪ್ಪಲಿಲ್ಲ. ಒಮ್ಮೆ ಪಟ್ಟಿಗೆ ಸೇರಿದ ಹೆಸರಿನ ಹಿಂದೆ ಒಂದು ಪರಿಶೀಲನೆ ನಡೆದಿರುತ್ತದೆ, ಅದಕ್ಕೆ ತಕ್ಕ ಬೆಲೆ ಕೊಡಬೇಕು, ಆಕ್ಷೇಪಣೆಯ ಆಧಾರ ಏನೆಂದು ತಿಳಿಸಬೇಕು, ಅವನ ಮಾತು ಕೇಳಬೇಕು ಎಂಬುದು ಆ ತೀರ್ಪಿನ ಸಾರ. ಊರು ಬಿಟ್ಟಿದ್ದಾನೆಂಬ ಕಾರಣಕ್ಕೆ ಹೆಸರು ತೆಗೆಯುವ ಮುನ್ನ ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡಬೇಕೆಂದು 1950ರ ಕಾಯ್ದೆಯೇ ಹೇಳುತ್ತದೆ. ಆದರೆ ಕಾನೂನಿನ ರಕ್ಷೆ ಸಿಗುವುದು ನೋಟಿಸನ್ನು ಒಡೆದು ಓದಿದವನಿಗೆ.

ಒಂದು ಮತಗಟ್ಟೆಯ ಪಟ್ಟಿಯಲ್ಲಿ ಸಾವಿರ, ಸಾವಿರದಿನ್ನೂರು ಹೆಸರುಗಳಿರುತ್ತವೆ. ಕನ್ನಡ ಓದಬಲ್ಲ ಇಬ್ಬರು ಹುಡುಗಿಯರು ಎರಡು ಭಾನುವಾರ ಕುಳಿತರೆ ಅದನ್ನು ಮನೆಮನೆಗೆ ತಾಳೆ ನೋಡಿ ಮುಗಿಸಬಹುದು. ಹುಡುಗಿಯರು ಎಂದು ಬೇಕೆಂದೇ ಹೇಳುತ್ತಿದ್ದೇವೆ. ಮನೆಯೊಳಗೆ ಹೋಗಿ ಸೊಸೆಯ ಹೆಸರೇನು, ವಯಸ್ಸೆಷ್ಟು, ತವರು ಯಾವುದು ಎಂದು ಅವರು ಕೇಳಬಲ್ಲರು. ಹದಿನೆಂಟು ತುಂಬಿದವರು ಈಗ ಜನವರಿ 1ಕ್ಕೇ ಕಾಯಬೇಕಾಗಿಲ್ಲ. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನಗಳನ್ನು ಅರ್ಹತಾ ದಿನಾಂಕಗಳೆಂದು ಪರಿಗಣಿಸಲಾಗುತ್ತಿದೆ. ಮತಗಟ್ಟೆ ಮಟ್ಟದ ಅಧಿಕಾರಿಗಳಾಗಿ ಬರುವವರು ಹೆಚ್ಚಾಗಿ ಅಂಗನವಾಡಿ ಕಾರ್ಯಕರ್ತೆಯರು, ಶಾಲಾ ಶಿಕ್ಷಕರು. ತಮ್ಮ ನಿತ್ಯದ ಕೆಲಸದ ಮೇಲೆ ಇದನ್ನೂ ಹೊತ್ತವರು. ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಅನುಮಾನದಿಂದ ಮಾತನಾಡಿಸುವುದಕ್ಕಿಂತ ಕೂರಿಸಿ ನೀರು ಕೊಟ್ಟು, ನೇಮಕದ ಗುರುತುಪತ್ರ ನೋಡಿ, ಸರಿಯಾದ ಪಟ್ಟಿಯೊಂದನ್ನು ಕೈಗೆ ಕೊಟ್ಟರೆ ಅವರ ಕೆಲಸವೂ ನಮ್ಮ ಕೆಲಸವೂ ಆಗುತ್ತದೆ.

ಈ ಕೆಲಸವನ್ನು ನಮ್ಮ ಬೀದಿಗೆ ಸೀಮಿತಗೊಳಿಸುವುದು ಸರಿಯಲ್ಲ. ಮತಗಟ್ಟೆಯ ಪಟ್ಟಿ ಒಂದೇ. ಅದರಲ್ಲಿ ಮಸೀದಿ ಬೀದಿಯ ಪಕ್ಕದಲ್ಲೇ ದಲಿತ ಕೇರಿಯಿದೆ, ಒಕ್ಕಲಿಗರ ಬೀದಿಯಿದೆ. ಮಳವಳ್ಳಿ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಗಾರೆ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿ ಬರುವ ಅಲ್ಲಿನ ಕೇರಿಯವನ ಹೆಸರೂ 'ವಾಸವಿಲ್ಲ' ಎಂಬ ಷರಾದೊಂದಿಗೆ ಹೋಗಬಲ್ಲದು. ಅವನ ಹೆಸರನ್ನೂ ನೋಡಿ ಹೇಳಿದವನಿಗೆ ಅವನು ನಾಳೆ ಸಾಕ್ಷಿಯಾಗಿ ನಿಲ್ಲುತ್ತಾನೆ. ಮಿಂಬರಿನಿಂದ ಯಾವ ಪಕ್ಷದ ಹೆಸರೂ ಬರುವುದು ಬೇಡ. ಆರಾಧನಾಲಯಗಳನ್ನು ಚುನಾವಣಾ ಪ್ರಚಾರಕ್ಕೆ ಬಳಸುವುದನ್ನು ಮಾದರಿ ನೀತಿ ಸಂಹಿತೆ ನಿಷೇಧಿಸಿದೆ, ನಿಷೇಧಿಸದಿದ್ದರೂ ಅದು ಶೋಭೆಯಲ್ಲ. ಜುಮಾದ ನಂತರ ಎರಡು ನಿಮಿಷ, ಕರಡು ಪಟ್ಟಿ ಬಂದಿದೆ, ಹೋಗಿ ನೋಡಿರಿ ಎಂದರೆ ಅದು ಯಾವ ಪಕ್ಷದ ಪ್ರಚಾರವೂ ಅಲ್ಲ.

ಅರ್ಜಿ ಕೊಟ್ಟವರು ಸ್ವೀಕೃತಿ ಪಡೆಯದೆ ಹಿಂತಿರುಗಬಾರದು. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆ ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯಲ್ಲಿ ವಿಚಾರಿಸಬಹುದು. 1950 ಸಂಖ್ಯೆಗೆ ಕರೆ ಮಾಡಿಯೂ ಕೇಳಬಹುದು. ಅರ್ಜಿ ತಿರಸ್ಕೃತವಾದರೆ ಅಥವಾ ಹೆಸರು ಅಳಿಸಿಹೋದರೆ ಆದೇಶದ ಪ್ರತಿಯನ್ನು ಕೇಳಿ ಪಡೆಯಬೇಕು. ಮತದಾರರ ನೋಂದಣಿ ಅಧಿಕಾರಿಯ ಆದೇಶದ ವಿರುದ್ಧ ಜಿಲ್ಲಾಧಿಕಾರಿಗೆ ಮೇಲ್ಮನವಿ ಸಲ್ಲಿಸಲು ಇರುವುದು 15 ದಿನ. ಅಲ್ಲಿಯೂ ನ್ಯಾಯ ಸಿಗದಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ 30 ದಿನಗಳೊಳಗೆ ಎರಡನೆಯ ಮೇಲ್ಮನವಿ. ಈ ದಿನಗಳ ಲೆಕ್ಕ ಆದೇಶದ ದಿನಾಂಕದಿಂದ ಶುರುವಾಗುತ್ತದೆ.